ಯಾವಾಗ ಮುಗಿಯುತ್ತೆ ಅಂತ ಕೇಳುವವರಿಗೆ

ರಾತ್ರಿ ಮೂರು ಗಂಟೆ. ಕೀಮೋ ಹಾಕಿಸಿಕೊಂಡ ಎರಡನೇ ರಾತ್ರಿ ನನಗೆ ಯಾವತ್ತೂ ನಿದ್ದೆ ಬರುವುದಿಲ್ಲ. ವಾಂತಿ ಆಗದಿರಲಿ ಅಂತ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಕೊಟ್ಟಿರುತ್ತಾರೆ. ಹೊಟ್ಟೆ ಸುಮ್ಮನಾಗುತ್ತದೆ, ಕಣ್ಣು ಮಾತ್ರ ಮುಚ್ಚುವುದಿಲ್ಲ. ಹೊರಗೆ ಆಷಾಢದ ಗಾಳಿ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬಂದು ಕಿಟಕಿ ಬಾಗಿಲನ್ನು ಹಿಡಿದು ಅಲ್ಲಾಡಿಸುತ್ತಿದೆ. ಹೆಂಡತಿ ಈಗಷ್ಟೇ ಮಲಗಿದ್ದಾಳೆ. ನಾನು ಅಡುಗೆಮನೆಯಲ್ಲಿ ಲೈಟ್ ಹಾಕಿಕೊಂಡು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ಬೆರಳ ತುದಿಗೆ ಜೋಮು, ಅದಕ್ಕೇ ನಿಧಾನ.

ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜೊತೆ ಹನ್ನೊಂದು ವರ್ಷ ಡ್ಯೂಟಿ ಮಾಡಿದ ಡ್ರೈವರ್ ಸಿಕ್ಕಿದ್ದರು. ಕೈ ಹಿಡಿದುಕೊಂಡು, "ಟ್ರೀಟ್‌ಮೆಂಟ್ ಯಾವಾಗ ಮುಗಿಯುತ್ತಪ್ಪಾ?" ಅಂದರು. "ಮುಗಿಯಲ್ಲ ಅಣ್ಣಾ, ನಡೀತಾ ಇರುತ್ತೆ" ಅಂದೆ. ಅವರ ಮುಖ ಇಳಿದುಹೋಯಿತು. "ಹಂಗೆಲ್ಲ ಬಾಯಿ ಬಿಟ್ಟು ಅನ್ನಬೇಡ, ಎಲ್ಲ ಸರಿ ಹೋಗುತ್ತೆ" ಅಂದರು. ಆಮೇಲೆ ಇಬ್ಬರೂ ಮಾತಿಲ್ಲದೆ ನಿಂತೆವು. ಅಷ್ಟರಲ್ಲಿ ಅವರ ಬಸ್ಸು ಬಂತು. ಅವತ್ತು ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ಓದಲಿ ಅಂತಲೂ, ಇದೇ ಪ್ರಶ್ನೆ ಕೇಳುವ ಬೇರೆಯವರೂ ಓದಲಿ ಅಂತಲೂ.

ನಾನು ಕೆಎಸ್‌ಆರ್‌ಟಿಸಿಯಲ್ಲಿ 34 ವರ್ಷ ಕಂಡಕ್ಟರ್ ಆಗಿದ್ದವನು. 2021ರಲ್ಲಿ ರಿಟೈರ್ ಆದೆ. ಅದಕ್ಕೆ ಒಂದು ವರ್ಷ ಮುಂಚಿನಿಂದಲೇ ಮಲದಲ್ಲಿ ರಕ್ತ ಹೋಗುತ್ತಿತ್ತು. ಕಂಡಕ್ಟರ್ ಕೆಲಸದಲ್ಲಿ ಹೊತ್ತಿಗೆ ಸರಿಯಾಗಿ ಸಂಡಾಸಿಗೆ ಹೋಗುವುದು ಯಾರಿಗೆ ಆಗುತ್ತೆ? ತಡೆದುಕೊಳ್ಳುವುದೇ ಅಭ್ಯಾಸ. ಡಿಪೋದಲ್ಲಿ ಅರ್ಧ ಜನಕ್ಕೆ ಮೂಲವ್ಯಾಧಿ ಇತ್ತು, ನನಗೂ ಅದೇ ಅಂದುಕೊಂಡೆ. ತೋರಿಸಿದ ಡಾಕ್ಟರೂ ಹಾಗೇ ಅಂದುಕೊಂಡರು. ಮಾತ್ರೆ, ಮುಲಾಮು, ಮೆಂತ್ಯದ ನೀರು, ಮೂಲಂಗಿ ರಸ. ಹೀಗೇ ಹದಿನಾಲ್ಕು ತಿಂಗಳು ಕಳೆದವು. ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಮಾತನ್ನು ಒಬ್ಬರೂ ಎತ್ತಲಿಲ್ಲ, ನನಗೂ ಕೇಳಲು ಗೊತ್ತಿರಲಿಲ್ಲ. ಕೊನೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳು. ಆಗ ಎಚ್ಚರವಾಯಿತು.

ಇದನ್ನು ಓದುತ್ತಿರುವವರು ಕೇಳಿ. ಮಲದಲ್ಲಿ ರಕ್ತ ಬಂದರೆ ಪೈಲ್ಸ್ ಅಂತ ನೀವೇ ಹೆಸರಿಡಬೇಡಿ. ಪೈಲ್ಸ್ ಇದ್ದೇ ಇರಬಹುದು, ಅದರ ಹಿಂದೆ ಇನ್ನೊಂದೂ ಇರಬಹುದು. ನನಗೆ ಎರಡೂ ಇತ್ತು. ವಯಸ್ಸು ನಲವತ್ತೈದು ದಾಟಿದ್ದರೆ, ಮಲ ಹೋಗುವ ರೀತಿ ಬದಲಾಗಿದ್ದರೆ, ರಕ್ತ ಕಡಿಮೆಯಾಗಿ ಸುಸ್ತಾಗುತ್ತಿದ್ದರೆ, ಒಳಗೆ ನೋಡಿ ಅಂತ ಡಾಕ್ಟರನ್ನು ಬಾಯಿ ಬಿಟ್ಟು ಕೇಳಿ. ನಾಚಿಕೆಪಟ್ಟುಕೊಂಡು ನಾನು ಕಳೆದುಕೊಂಡ ಹದಿನಾಲ್ಕು ತಿಂಗಳು ನನಗಂತೂ ವಾಪಸ್ ಬರುವುದಿಲ್ಲ.

2022ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಹೋದೆವು. ದೊಡ್ಡ ಕರುಳಿನ ಎಡಭಾಗದಲ್ಲಿ ಗಡ್ಡೆ. ಸ್ಕ್ಯಾನ್‌ನಲ್ಲಿ ಲಿವರ್‌ನ ಎರಡೂ ಕಡೆ ಎಂಟು ಚುಕ್ಕೆ. ಕರುಳಿನಿಂದ ಬರುವ ರಕ್ತ ಮೊದಲು ಲಿವರ್ ಹೊಕ್ಕು ಆಮೇಲೆ ಮುಂದೆ ಹೋಗುತ್ತದಂತೆ. ನಮ್ಮ ಕಡೆಯ ಬಸ್ಸುಗಳೆಲ್ಲ ಹಿರಿಯೂರು ಮುಟ್ಟದೆ ಬೆಂಗಳೂರಿಗೆ ಹೋಗುವುದಿಲ್ಲವಲ್ಲ, ಹಾಗೆ. ಕರುಳಿನಿಂದ ಹೊರಟ ಕ್ಯಾನ್ಸರ್ ಲಿವರ್‌ನಲ್ಲೇ ಇಳಿದುಕೊಂಡಿತ್ತು.

ಆದರೆ ಇದ್ಯಾವುದನ್ನೂ ನನಗೆ ಆವತ್ತು ಹೇಳಲಿಲ್ಲ. ಡಾಕ್ಟರ್ ರೂಮಿನಿಂದ ನನ್ನನ್ನು ಹೊರಗೆ ಕೂರಿಸಿ ಮಗನೊಬ್ಬನೇ ಒಳಗೆ ಹೋದ. ಹೊರಗೆ ಬಂದವನು, "ಗಡ್ಡೆ ಇದೆ ಅಪ್ಪಾ, ಇಂಜೆಕ್ಷನ್‌ನಲ್ಲಿ ಕರಗುತ್ತಂತೆ" ಅಂದ. ಕಣ್ಣಲ್ಲಿ ಕಣ್ಣಿಟ್ಟು ಹೇಳಲಿಲ್ಲ. ಟಿಕೆಟ್ ತೆಗೆಸದೆ ಕೂತವನ ಮುಖ, ಸುಳ್ಳು ಪಾಸ್ ತೋರಿಸುವವನ ಮುಖ, ಮನೆಯಲ್ಲಿ ಸಾವಾಗಿ ಊರಿಗೆ ಓಡುತ್ತಿರುವವನ ಮುಖ, ಇವನ್ನೆಲ್ಲ 34 ವರ್ಷ ನೋಡಿದವನು ನಾನು. ನನ್ನ ಮಗನ ಮುಖ ನನಗೆ ಗೊತ್ತಾಗದಿರುತ್ತಾ?

ವಾಪಸ್ ಬರುವಾಗ ತುಮಕೂರು ದಾಟಿದ ಮೇಲೆ ಅವನಿಗೆ ನಿದ್ದೆ ಹತ್ತಿತು. ಫೈಲ್ ಅವನ ತೊಡೆ ಮೇಲಿತ್ತು. ಮೆಲ್ಲಗೆ ಎಳೆದುಕೊಂಡೆ. ಇಂಗ್ಲಿಷ್ ನನಗೆ ಓದಲು ಬರುತ್ತದೆ, ಅರ್ಥವಾಗುವುದು ಅಷ್ಟಕ್ಕಷ್ಟೆ. 'ಸ್ಟೇಜ್ ಫೋರ್' ಅಂತ ಇತ್ತು. ಸ್ಟೇಜ್ ಅಂದರೆ ನನಗೆ ಗೊತ್ತಿದ್ದದ್ದು ಟಿಕೆಟ್ ದರದ ಸ್ಟೇಜ್, ಜನ ಹತ್ತಿ ಇಳಿಯುವ ಜಾಗ. ಅದರ ಕೆಳಗೆ 'ಪಾಲಿಯೇಟಿವ್ ಇಂಟೆಂಟ್' ಅಂತ ಇತ್ತು. ಅದನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಹಾಕಿ ಹುಡುಕಿದೆ. ಪೂರ್ತಿ ವಾಸಿ ಮಾಡುವುದಕ್ಕಲ್ಲ, ಕಾಯಿಲೆಯನ್ನು ತಡೆದು ಹಿಡಿಯುವುದಕ್ಕೆ, ನೋವು ಕಡಿಮೆ ಮಾಡುವುದಕ್ಕೆ ಕೊಡುವ ಚಿಕಿತ್ಸೆ ಅಂತ ಬಂತು. ಆಗ ಬಸ್ಸು ಸಿರಾ ಹತ್ತಿರ ಇತ್ತು. ಫೈಲ್ ಅನ್ನು ಮತ್ತೆ ಅವನ ತೊಡೆ ಮೇಲೆ ಇಟ್ಟೆ. ಹಿರಿಯೂರಿನವರೆಗೂ ಕಿಟಕಿಯಿಂದ ಆಚೆ ನೋಡುತ್ತಾ ಕೂತೆ. ಎಷ್ಟು ಸಲ ಓಡಾಡಿದ ರಸ್ತೆ ಅದು. ಒಂದು ಮರವೂ ಗುರುತು ಹತ್ತಲಿಲ್ಲ.

ಮೂರು ವಾರ ನನ್ನ ಮುಂದೆ ಅವರು ನಟಿಸಿದರು, ಅವರ ಮುಂದೆ ನಾನು ನಟಿಸಿದೆ. ಮನೆಯಲ್ಲಿ ಟಿವಿ ಸದ್ದು ಜಾಸ್ತಿಯಾಯಿತು. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ನಾನು ಎದ್ದು ಹೊರಗೆ ಹೋಗಲಿಲ್ಲ. "ಸಾರ್, ನಾನೇ ಪೇಷೆಂಟು. ನನಗೇ ಹೇಳಿ" ಅಂದೆ. ಅವರು ಮಗನ ಕಡೆ ನೋಡಿದರು, ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕನ್ನಡದಲ್ಲೇ ಹೇಳಿದರು. ಇದು ಪೂರ್ತಿ ಹೋಗುವುದಿಲ್ಲ. ಚುಕ್ಕೆಗಳು ಎರಡೂ ಕಡೆ ಹರಡಿರುವುದರಿಂದ ಆಪರೇಷನ್ ಕಷ್ಟ. ಔಷಧಿಯಿಂದ ಕುಗ್ಗಿಸಬಹುದು, ಹಿಡಿದು ನಿಲ್ಲಿಸಬಹುದು. ಒಂದು ಔಷಧಿ ಸಾಕಾದರೆ ಇನ್ನೊಂದು. ಎಷ್ಟು ದಿನ ಸಾರ್ ಅಂದೆ. ಸರಾಸರಿ ಎರಡು, ಎರಡೂವರೆ ವರ್ಷ, ಆದರೆ ನೀವು ಸರಾಸರಿ ಅಲ್ಲ, ನೀವು ಒಬ್ಬರು, ಅಂದರು. ಮಗ ಅಲ್ಲೇ ಅತ್ತ. ಅವನು ಅಷ್ಟು ದಿನ ಒಬ್ಬನೇ ಹೊತ್ತುಕೊಂಡಿದ್ದ, ಪಾಪ. ಆಚೆ ಬಂದು ಇಬ್ಬರೂ ಕಾಫಿ ಕುಡಿದೆವು. ಆವತ್ತಿನಿಂದ ನಮ್ಮ ಮನೆಯಲ್ಲಿ ಟಿವಿ ಸದ್ದು ಕಡಿಮೆಯಾಯಿತು.

ನನ್ನ ಅನುಭವದಲ್ಲಿ, ಪೇಷೆಂಟ್‌ಗೆ ಹೇಳಬೇಡಿ ಅನ್ನುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಪ್ರೀತಿಯಿಂದ ಪೇಷೆಂಟ್ ಒಂಟಿಯಾಗುತ್ತಾನೆ.

ಮೊದಲ ಸುತ್ತಿನ ಔಷಧಿ ಎರಡು ಬಗೆ. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಎಂಬ ಡ್ರಿಪ್. ಜೊತೆಗೆ ಹದಿನಾಲ್ಕು ದಿನ ಬೆಳಿಗ್ಗೆ ಸಂಜೆ ಕ್ಯಾಪೆಸಿಟಬಿನ್ ಮಾತ್ರೆ, ಏಳು ದಿನ ಬಿಡುವು. ಹೀಗೆ ಎಂಟು ಸೈಕಲ್. ಪ್ರತಿ ಸಲವೂ ಮುಂಚೆ ರಕ್ತ ಪರೀಕ್ಷೆ. ಬಿಳಿ ರಕ್ತಕಣ ಕಡಿಮೆ ಇದ್ದರೆ "ಕೌಂಟ್ ಬಂದಿಲ್ಲ" ಅಂತ ವಾಪಸ್ ಕಳಿಸುತ್ತಾರೆ. ವಾರ್ಡಿನಲ್ಲಿ ನಾವೆಲ್ಲ ಒಬ್ಬರನ್ನೊಬ್ಬರು ಮೊದಲು ಕೇಳುವುದೇ ಅದು: ಕೌಂಟ್ ಬಂತಾ?

ಆಕ್ಸಾಲಿಪ್ಲಾಟಿನ್‌ನ ವಿಚಿತ್ರ ಏನೆಂದರೆ ತಣ್ಣಗಿರುವುದೇನೂ ಆಗುವುದಿಲ್ಲ. ಡ್ರಿಪ್ ಆದ ಮೇಲೆ ಕೆಲವು ದಿನ ಸ್ಟೀಲ್ ಲೋಟ ಮುಟ್ಟಿದರೂ ಬೆರಳಿಗೆ ಕರೆಂಟ್ ಹೊಡೆದ ಹಾಗೆ. ನಲ್ಲಿ ನೀರು ಒಂದು ಗುಟುಕು ಕುಡಿದರೆ ಗಂಟಲು ಕಟ್ಟಿಕೊಂಡು ಉಸಿರೇ ನಿಂತಂತೆ ಭಯ. ಮೇ ತಿಂಗಳ ದುರ್ಗದ ಬಿಸಿಲಲ್ಲಿ ನಾನು ಸಾಕ್ಸ್, ಉಣ್ಣೆಯ ಗ್ಲೌಸ್, ಮಂಕಿ ಕ್ಯಾಪ್ ಹಾಕಿಕೊಂಡು ಬಿಸಿನೀರು ಕುಡಿಯುತ್ತಿದ್ದೆ. ಮೊದಮೊದಲು ನಾಲ್ಕೈದು ದಿನಕ್ಕೆ ಹೋಗುತ್ತಿತ್ತು. ಐದನೇ ಸೈಕಲ್ ಆದ ಮೇಲೆ ಜೋಮು ಹೋಗಲೇ ಇಲ್ಲ. ಬೆರಳ ತುದಿ, ಕಾಲ ಬೆರಳು, ಆಮೇಲೆ ಪಾದ. ನರಗಳಿಗೆ ಆಗುವ ಪೆಟ್ಟು ಇದು. ಡೋಸ್ ಕಡಿಮೆ ಮಾಡಿದರು. ಅಷ್ಟರಲ್ಲಿ ಆಗುವುದು ಆಗಿತ್ತು.

ನನ್ನ ಬೆರಳುಗಳ ಬಗ್ಗೆ ಸ್ವಲ್ಪ ಹೇಳಬೇಕು. ರಾತ್ರಿ ಬಸ್ಸಿನಲ್ಲಿ ಲೈಟ್ ಆರಿಸಿದಾಗಲೂ ನೋಟು ಹತ್ತರದ್ದೋ ಐವತ್ತರದ್ದೋ ಅಂತ ನೋಡದೆ ಹೇಳುತ್ತಿದ್ದೆ. ಚೀಲದ ತಳದಲ್ಲಿ ಕೈ ಹಾಕಿ ಒಂದು, ಎರಡು, ಐದು ಅಂತ ನಾಣ್ಯ ಬೇರೆ ಬೇರೆ ಎತ್ತುತ್ತಿದ್ದೆ. ಒಂದೇ ಒಂದು ದಿನವೂ ಟಿಕೆಟ್ ಲೆಕ್ಕ ಬರೆಯುವ ವೇಬಿಲ್‌ಗೂ ನನ್ನ ಕ್ಯಾಶ್‌ಗೂ ತಾಳೆಯಾಗದೆ ಉಳಿದದ್ದಿಲ್ಲ. ಈ ವಿಷಯದಲ್ಲಿ ನನಗೆ ಹೆಮ್ಮೆ ಇದೆ. ಅಂಥ ಬೆರಳು ಈಗ ಅಂಗಿಯ ಗುಂಡಿ ಹಾಕಲಾರವು. ಹೆಂಡತಿ ಹಾಕುತ್ತಾಳೆ. ಕ್ಯಾನ್ಸರ್ ಸುದ್ದಿ ಕೇಳಿದಾಗ ಅಳದವನು ನಾನು, ಗುಂಡಿ ಹಾಕಲಾಗದ ದಿನ ಬಚ್ಚಲುಮನೆಯಲ್ಲಿ ನಿಂತು ಅತ್ತೆ.

ಅದೇ ವರ್ಷ ಸೆಪ್ಟೆಂಬರ್ ಮೊದಲಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಾವು ಮಾರಿಕಣಿವೆ ಅಂತಲೇ ಅನ್ನುವುದು. ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ತುಂಬಿ ಹರಿದದ್ದು ಬಿಟ್ಟರೆ ಅಲ್ಲಿಯವರೆಗೆ ಮತ್ತೆ ತುಂಬಿದ್ದೇ ಇರಲಿಲ್ಲ. ನಮ್ಮ ತಾತ ಹಿರಿಯೂರು ಕಡೆಯ ಹಳ್ಳಿಯವರು. 33ರಲ್ಲಿ ಹುಡುಗನಾಗಿದ್ದಾಗ ಕಂಡ ಆ ಕೋಡಿಯ ಕಥೆಯನ್ನು ಸಾಯುವ ತನಕ ಹೇಳಿದರು. ನಮ್ಮಪ್ಪ ನೋಡಲಿಲ್ಲ, ಕಾದು ಕಾದು ಹೋದರು. 89 ವರ್ಷದ ಮೇಲೆ, ಮಳೆಯ ಜೊತೆ ಭದ್ರಾ ನೀರೂ ಸೇರಿ, ನನ್ನ ಏಳನೇ ಸೈಕಲ್‌ನ ಹೊತ್ತಿಗೆ ಅದು ತುಂಬಿತು.

ಡಾಕ್ಟರನ್ನು ಕೇಳಿದೆ. ಜನಜಂಗುಳಿಯಲ್ಲಿ ಮಾಸ್ಕ್ ತೆಗೆಯಬೇಡಿ, ಹೋಗಿ ಬನ್ನಿ ಅಂದರು. ಮಗ ಕಾರ್ ಮಾಡಿಸಿದ. ಜಿಲ್ಲೆಯೇ ಅಲ್ಲಿ ಬಂದಿತ್ತು. ಕೋಡಿಯಿಂದ ನೀರು ಬಂಡೆ ಮೇಲೆ ಬೆಳ್ಳಗೆ ಬೀಳುತ್ತಿತ್ತು. ಮುದುಕಿಯರು ಅರಿಶಿನ ಕುಂಕುಮ ಹಾಕಿ ಕೈ ಮುಗಿಯುತ್ತಿದ್ದರು. ಎಲ್ಲರೂ ಕೆಳಗಿನ ಹಳ್ಳಕ್ಕಿಳಿದು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನನಗೆ ಮುಟ್ಟುವ ಹಾಗಿಲ್ಲ. ಗ್ಲೌಸ್ ಹಾಕಿಕೊಂಡು ದಂಡೆಯಲ್ಲಿ ನಿಂತಿದ್ದೆ. ನಮ್ಮ ತಾತನ ನೀರು ನನ್ನ ಮುಂದೆಯೇ ಹೋಗುತ್ತಿದೆ, ಮುಟ್ಟುವ ಹಾಗಿಲ್ಲ. ಹೆಂಡತಿ ಏನೂ ಮಾತಾಡದೆ ಇಳಿದುಹೋದಳು. ಸೆರಗಿನ ತುದಿ ನೀರಲ್ಲಿ ಅದ್ದಿ ಹಿಂಡಿದಳು. ಅದನ್ನು ಎರಡೂ ಅಂಗೈ ಮಧ್ಯೆ ಇಟ್ಟುಕೊಂಡು ತುಂಬಾ ಹೊತ್ತು ಉಜ್ಜಿದಳು, ಬಾಯಿಂದ ಬಿಸಿ ಗಾಳಿ ಊದಿದಳು. ತಣ್ಣಗಿಲ್ಲ ಅಂತ ತನ್ನ ಕೆನ್ನೆಗೆ ಇಟ್ಟು ನೋಡಿ, ಆಮೇಲೆ ನನ್ನ ಕಣ್ಣಿಗೆ ಒತ್ತಿದಳು.

ಎಂಟು ಸೈಕಲ್ ಆದ ಮೇಲೆ ಚುಕ್ಕೆಗಳು ಕುಗ್ಗಿದ್ದವು. ಸಿಇಎ ಅಂತ ಒಂದು ರಕ್ತ ಪರೀಕ್ಷೆ ಇದೆ, ಐದರ ಒಳಗಿದ್ದರೆ ಸಾಮಾನ್ಯ. ನನ್ನದು 186 ಇದ್ದದ್ದು 14ಕ್ಕೆ ಇಳಿದಿತ್ತು. ಡ್ರಿಪ್ ನಿಲ್ಲಿಸಿ ಮಾತ್ರೆ ಮುಂದುವರಿಸಿದರು. ಸುಮಾರು ಇಪ್ಪತ್ತು ತಿಂಗಳು ಹಾಗೇ ನಡೆಯಿತು. ಜನ ಆಗಲೂ ಕೇಳುತ್ತಿದ್ದರು, ಗುಣವಾಯ್ತಲ್ಲ, ಇನ್ನೂ ಯಾಕೆ ಮಾತ್ರೆ ಅಂತ. ಗುಣವಾಗಿಲ್ಲ, ಹಿಡಿತದಲ್ಲಿದೆ. ಈ ಎರಡು ಮಾತಿನ ನಡುವಿನ ವ್ಯತ್ಯಾಸವನ್ನು ನನಗೆ ಬೇಕಾದವರಿಗೂ ತಿಳಿಸಿ ಹೇಳಲು ಆಗಲಿಲ್ಲ. ಸಕ್ಕರೆ ಕಾಯಿಲೆಯವರನ್ನು ಯಾರೂ ಮಾತ್ರೆ ಯಾವಾಗ ಮುಗಿಯುತ್ತೆ ಅಂತ ಕೇಳುವುದಿಲ್ಲ ಅಲ್ವಾ? ನನ್ನದು ಸಕ್ಕರೆ ಕಾಯಿಲೆಗಿಂತ ತುಂಬಾ ಕಠಿಣ, ಅದು ನನಗೆ ಗೊತ್ತು. ಆದರೂ ದಿನ ದೂಡುವ ರೀತಿ ಅದೇ.

ಆ ಮಾತ್ರೆ ನನ್ನ ಅಂಗೈ ಅಂಗಾಲಿನ ಚರ್ಮ ಸುಲಿಯಿತು. ಕೆಂಪಾಗಿ, ಉರಿದು, ಹಾಳೆಯ ಹಾಗೆ ಏಳುತ್ತಿತ್ತು. ಪಿಂಚಣಿಗೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ಹೆಬ್ಬೆಟ್ಟು ಕೊಡಬೇಕಲ್ಲ, 2023ರಲ್ಲಿ ಹೋದೆ. ಮೆಷಿನ್ ತೆಗೆದುಕೊಳ್ಳಲಿಲ್ಲ. ಕೈ ತೊಳೆದು ಬನ್ನಿ ಅಂದರು. ಇನ್ನೊಂದು ಬೆರಳು ಅಂದರು. ಹತ್ತೂ ಬೆರಳು ಆಯಿತು. ಕೌಂಟರಿನಲ್ಲಿದ್ದವರು, "ಬೆರಳಚ್ಚು ಇಲ್ಲದಿದ್ದರೆ ನೀವೇ ಅಂತ ಹೇಗೆ ಒಪ್ಪೋದು?" ಅಂದರು. ಅವರ ಕೆಲಸ ಅವರು ಮಾಡಿದರು. ಆದರೆ ಆ ಮಾತು ಎದೆಗೆ ತಗುಲಿತು. ಅರ್ಧ ದಿನ ಅಲೆದ ಮೇಲೆ ಒಬ್ಬ ಹುಡುಗ, 2021ರಿಂದ ಮುಖ ತೋರಿಸಿಯೂ ಮಾಡಬಹುದು ಅಂಕಲ್ ಅಂತ ಫೋನಿನ ಕ್ಯಾಮೆರಾದಲ್ಲೇ ಎರಡು ನಿಮಿಷದಲ್ಲಿ ಮುಗಿಸಿಕೊಟ್ಟ. ಕಣ್ಣು ಮಿಟುಕಿಸಿ ಅಂದ, ಮಿಟುಕಿಸಿದೆ, ಆಯಿತು. ಈ ಮಾತ್ರೆ ತಿನ್ನುವವರು ಇದನ್ನು ನೆನಪಿಟ್ಟುಕೊಳ್ಳಿ. ಡಾಕ್ಟರ್‌ಗೆ ಹೇಳಿದಾಗ, ಸಿಂಗಪುರದ ಒಬ್ಬ ರೋಗಿಯನ್ನು ಇದೇ ಕಾರಣಕ್ಕೆ ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ತಡೆದಿದ್ದರು, 2009ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬಂದಿತ್ತು ಅಂದರು. ನನ್ನೊಬ್ಬನಿಗೆ ಆದದ್ದಲ್ಲ ಅಂತ ಸ್ವಲ್ಪ ಸಮಾಧಾನವಾಯಿತು. ಅವತ್ತೇ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿಕೊಟ್ಟರು. ಆ ಚೀಟಿ ಆಧಾರ್ ಕಾರ್ಡಿನ ಜೊತೆಯಲ್ಲೇ ಇದೆ.

ಇನ್ನೊಂದು ಮಾತಿದೆ, ಅದನ್ನು ಬರೆಯದೆ ಇರಲಾರೆ. ನಮ್ಮ ನೆಂಟರಲ್ಲಿ ಹಿರಿಯರೊಬ್ಬರು ನೋಡಲು ಬಂದವರು, "ಏನ್ ಮಾಡೋಕಾಗುತ್ತೆ, ತಿಪ್ಪೇರುದ್ರಸ್ವಾಮಿಗಳೇ ಹೇಳಿಲ್ವಾ, ಮಾಡಿದಷ್ಟು ನೀಡು ಭಿಕ್ಷೆ ಅಂತ" ಅಂದರು. ಅಂದರೆ ನಾನು ಮಾಡಿದ್ದಕ್ಕೆ ನನಗೆ ಬಂತು ಅಂತ. ನನ್ನ ಹೆಂಡತಿ ಒಳಗೆ ಎದ್ದು ಹೋದಳು. ಫಾಲ್ಗುಣದಲ್ಲಿ ಆ ಸ್ವಾಮಿಗಳ ನಾಯಕನಹಟ್ಟಿ ತೇರಿಗೆ ಸ್ಪೆಷಲ್ ಬಸ್ ಡ್ಯೂಟಿ ಎಷ್ಟೋ ವರ್ಷ ಮಾಡಿದ್ದೇನೆ. ಟಾಪ್ ಮೇಲೂ ಜನ, ಬಾಗಿಲಲ್ಲೂ ಜನ, ಧೂಳಲ್ಲಿ ಗಂಟಲು ಒಣಗಿ ಹೋಗುತ್ತಿತ್ತು. ಆ ಜನರ ಬಾಯಲ್ಲಿ ಈ ಮಾತನ್ನು ಸಾವಿರ ಸಲ ಕೇಳಿದ್ದೇನೆ. ಆ ಸ್ವಾಮಿಗಳು ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು. ಮಣ್ಣು ಹೊತ್ತವನಿಗೆ ಹೊತ್ತಷ್ಟು ಸಿಗಬೇಕು, ಅದು ಕಾಯಕದ ಮಾತು. ಕಾಯಿಲೆ ಬಿದ್ದವನ ಹಾಸಿಗೆ ಪಕ್ಕ ಕೂತು ಆಡುವ ಮಾತು ಅದಲ್ಲ. ಪಕ್ಕದ ಬೆಡ್ಡಿನಲ್ಲಿ ಇಪ್ಪತ್ತಾರು ವರ್ಷದ ಹುಡುಗಿ ಇದ್ದಳು, ಅವಳು ಏನು ಮಾಡಿದ್ದಳು? ಕರುಳಿನ ಒಂದು ಜೀವಕೋಶ ದಾರಿ ತಪ್ಪಿ ಬೆಳೆಯಿತು, ಅಷ್ಟೆ. ದಯವಿಟ್ಟು ಯಾರ ಮುಂದೆಯೂ ಈ ಮಾತು ಆಡಬೇಡಿ.

2024ರ ಮಧ್ಯದಲ್ಲಿ ಸಿಇಎ ಮತ್ತೆ ಏರತೊಡಗಿತು. ಸ್ಕ್ಯಾನ್‌ನಲ್ಲಿ ಹಳೆಯ ಚುಕ್ಕೆಗಳು ದೊಡ್ಡದಾಗಿದ್ದವು, ಎರಡು ಹೊಸದು ಬಂದಿದ್ದವು. ಆ ದಿನ ಮನೆಗೆ ಬಂದು ಊಟ ಮಾಡಿ ಮಲಗಿದೆವು. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಈಗಿನ ಔಷಧಿ ಬೇರೆ. ಹದಿನಾಲ್ಕು ದಿನಕ್ಕೊಮ್ಮೆ. ಕತ್ತಿನ ಮೂಳೆಯ ಕೆಳಗೆ ಚರ್ಮದೊಳಗೆ ಪೋರ್ಟ್ ಅಂತ ಒಂದು ಬಿಲ್ಲೆ ಕೂರಿಸಿದ್ದಾರೆ, ಸೂಜಿ ಅದಕ್ಕೇ ಚುಚ್ಚುವುದು. ಬೆಂಗಳೂರಿನಲ್ಲಿ ಮೊದಲು ಇರಿನೋಟೆಕಾನ್ ಡ್ರಿಪ್. ಆಮೇಲೆ 5-ಎಫ್‌ಯು ಎಂಬ ಔಷಧಿ. 1957ರಿಂದ ಇರುವ ಮದ್ದು, ನನಗಿಂತ ನಾಲ್ಕು ವರ್ಷ ದೊಡ್ಡದು. ಅದು 46 ಗಂಟೆ ಹನಿ ಹನಿಯಾಗಿ ಹೋಗಬೇಕು. ಅದಕ್ಕೆ ಮಗುವಿನ ಹಾಲಿನ ಬಾಟಲಿಯಷ್ಟು ದೊಡ್ಡ ಪಂಪ್ ಕೊಡುತ್ತಾರೆ. ಒಳಗೆ ಬಲೂನು, ಅದು ತಾನೇ ಕುಗ್ಗುತ್ತಾ ಔಷಧಿಯನ್ನು ತಳ್ಳುತ್ತದೆ. ಸಣ್ಣ ಚೀಲದಲ್ಲಿ ಹಾಕಿ ಹೆಗಲಿಗೆ ಅಡ್ಡ ನೇತುಹಾಕಿಕೊಂಡು ಬಸ್ಸಿನಲ್ಲಿ ದುರ್ಗಕ್ಕೆ ಬರುತ್ತೇನೆ. ಮೂರನೇ ದಿನ ಇಲ್ಲೇ ಒಬ್ಬ ನರ್ಸಮ್ಮ ಸೂಜಿ ತೆಗೆಯುತ್ತಾರೆ.

ಮೊದಲ ಸಲ ಆ ಚೀಲ ಹೆಗಲಿಗೆ ಹಾಕಿದಾಗ ನನ್ನ ಎಡಗೈ ತಾನಾಗಿಯೇ ಅದರ ಮೇಲೆ ಹೋಗಿ ಕೂತಿತು. 34 ವರ್ಷ ಟಿಕೆಟ್ ಚೀಲ ಇದ್ದ ಜಾಗ ಅದೇ. ಹೆಂಡತಿ ನೋಡಿದಳು. "ಮತ್ತೆ ಡ್ಯೂಟಿಗೆ ಬಂದ ಹಾಗಿದೆ" ಅಂದಳು. ಅವಳದು ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ಪ್ರತಿ ಸಲ ಮಡಚಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾಳೆ. ನನ್ನ ಕೀಮೋ ಲೆಕ್ಕ ಅವಳ ಹತ್ತಿರ ಆ ಟಿಕೆಟ್‌ಗಳಲ್ಲಿದೆ.

ಇರಿನೋಟೆಕಾನ್‌ನಿಂದ ಭೇದಿ ಹತ್ತುತ್ತದೆ. ಹತ್ತಿದರೆ ನಿಲ್ಲುವುದಿಲ್ಲ, ನಿರ್ಲಕ್ಷ್ಯ ಮಾಡಿದರೆ ನೀರೆಲ್ಲ ಹೋಗಿ ಆಸ್ಪತ್ರೆ ಸೇರಬೇಕು. ಲೋಪೆರಮೈಡ್ ಮಾತ್ರೆ, ಓಆರ್‌ಎಸ್ ಪೊಟ್ಟಣ, ಒಂದು ಜೊತೆ ಬಟ್ಟೆ ಯಾವಾಗಲೂ ಜೊತೆಗಿರುತ್ತದೆ. ಬೆಂಗಳೂರಿನಿಂದ ದುರ್ಗಕ್ಕೆ 200 ಕಿಲೋಮೀಟರ್. ಈ ರಸ್ತೆಯಲ್ಲಿ ಯಾವ ಡಾಬಾದ ಸಂಡಾಸು ಚೊಕ್ಕಟ, ಎಲ್ಲಿ ನೀರು ಬರುತ್ತದೆ, ಎಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಎಲ್ಲವೂ ನನಗೆ ಗೊತ್ತು. ಎರಡು ಸಲ ದಾರಿ ಮಧ್ಯೆ ನಿಲ್ಲಿಸಿ ಅಂತ ಕೇಳಬೇಕಾಯಿತು. ಎರಡೂ ಸಲ ನಿಲ್ಲಿಸಿದರು. ಒಬ್ಬ ಹೊಸ ಕಂಡಕ್ಟರ್ ಹುಡುಗ ನೀರಿನ ಬಾಟಲಿ ಹಿಡಿದುಕೊಂಡು ಕೆಳಗೆ ನಿಂತಿದ್ದ. ಅವನ ಹೆಸರು ಕೇಳಲು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಈಗಲೂ ಆ ರೂಟಿನಲ್ಲಿ ಹುಡುಕುತ್ತಿರುತ್ತೇನೆ.

ನಾಟಿ ಔಷಧಿ ತಂದುಕೊಟ್ಟವರು ಬಹಳ ಜನ. ಲಕ್ಷ್ಮಣ ಫಲದ ಎಲೆ, ಯಾವುದೋ ಚಕ್ಕೆ, ಬೂದು ಬಣ್ಣದ ಪುಡಿ. ಎಲ್ಲರೂ ಅಕ್ಕರೆಯಿಂದಲೇ ತಂದರು, ಬೈಯುವುದಿಲ್ಲ. ಆದರೆ ನಿಮ್ಮ ಲಿವರ್ ಈಗಾಗಲೇ ಮೈತುಂಬಾ ಕೆಲಸ ಮಾಡುತ್ತಿದೆ, ಅದರ ಮೇಲೆ ಗೊತ್ತಿಲ್ಲದ್ದನ್ನು ಹೇರಬೇಡಿ ಅಂದರು ಡಾಕ್ಟರ್. ಆ ದಿನವೇ ಅವರು ಇನ್ನೊಂದು ಸಂಗತಿ ಹೇಳಿದರು. ಇರಿನೋಟೆಕಾನ್ ಕೂಡ ಮರದಿಂದ ಬಂದದ್ದೇ. ಮೊದಲು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ. ಅದೇ ಸಾರ ನಮ್ಮ ಪಶ್ಚಿಮ ಘಟ್ಟದ ಕಾಡಿನ ಒಂದು ಮರದಲ್ಲೂ ಇದೆ. ಅಳೆದು, ಪರೀಕ್ಷೆ ಮಾಡಿ, ಎಷ್ಟು ಕೊಟ್ಟರೆ ಏನಾಗುತ್ತದೆ ಅಂತ ತಿಳಿದುಕೊಂಡು ಕೊಡುವುದೇ ವ್ಯತ್ಯಾಸ. ಈಗ ಯಾರಾದರೂ ಗಿಡಮೂಲಿಕೆ ತಂದರೆ ಇದನ್ನೇ ಹೇಳುತ್ತೇನೆ, ನಾನು ತೆಗೆದುಕೊಳ್ಳುತ್ತಿರುವುದೂ ಗಿಡದ ಮದ್ದೇ ಅಂತ. ಕೇಳಿದವರಿಗೆ ಸಮಾಧಾನವಾಗುತ್ತದೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ತುಂಬಿತು. ನಮ್ಮ ತಾತ ಒಂದು ಸಲ ನೋಡಿದ್ದನ್ನು ನಾನು ಎರಡು ಸಲ ನೋಡಿದೆ. ಡಾಕ್ಟರ್ ಹೇಳಿದ ಎರಡೂವರೆ ವರ್ಷ ಆಗ ದಾಟಿತ್ತು. ಈ ಸಲ ಔಷಧಿ ಬೇರೆಯಾದ್ದರಿಂದ ತಣ್ಣೀರು ಮುಟ್ಟಬಹುದಿತ್ತು. ಕೆಳಗಿಳಿದು ಬೆರಳು ಅದ್ದಿದೆ. ತಣ್ಣಗಿದೆಯೋ ಬೆಚ್ಚಗಿದೆಯೋ ಬೆರಳಿಗೆ ತಿಳಿಯಲೇ ಇಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆಮೇಲೆ ಬೊಗಸೆಯಲ್ಲಿ ಎತ್ತಿ ಮುಂಗೈ ಮೇಲೆ ಸುರಿದುಕೊಂಡೆ. ಮುಂಗೈಗೆ ಗೊತ್ತಾಯಿತು. ಎಷ್ಟು ತಣ್ಣಗಿತ್ತು ಅಂದರೆ, ಮೈ ಜುಮ್ಮೆಂದಿತು.

ನೋವು ಶುರುವಾಗಿದೆ. ಬಲಗಡೆ ಪಕ್ಕೆಲುಬಿನ ಕೆಳಗೆ, ಜೊತೆಗೆ ಬಲ ಭುಜದಲ್ಲಿ. ಲಿವರ್ ಊದಿದರೆ ಭುಜ ನೋಯುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಬಾಮ್ ಹಚ್ಚಿಕೊಂಡಿದ್ದೆ. ಈಗ ಮಾರ್ಫಿನ್ ಮಾತ್ರೆ ಇದೆ. ಅದು ಕೊನೆಯ ಮಾತ್ರೆ, ಒಂದು ಸಲ ಹಿಡಿದರೆ ಬಿಡದು ಅಂತ ನಾನೂ ಹೆದರಿದ್ದೆ. ನೋವಿನ ವಿಭಾಗದ ಡಾಕ್ಟರಮ್ಮ ಕೂರಿಸಿಕೊಂಡು ಹೇಳಿದರು. ನೋವಿಗೆ ತಕ್ಕಷ್ಟು, ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಹೆದರುವ ಕಾರಣವಿಲ್ಲ, ಮಲಬದ್ಧತೆಗೆ ಮಾತ್ರ ಜೊತೆಯಲ್ಲೇ ಔಷಧಿ ಬೇಕು ಅಂದರು. ಮೊದಲ ರಾತ್ರಿ ಆರು ಗಂಟೆ ಒಂದೇ ಸಮ ಮಲಗಿದೆ. ಇಷ್ಟು ದಿನ ಯಾಕೆ ಸಹಿಸಿಕೊಂಡೆ ಅನಿಸಿತು. ನೋವು ತಡೆದುಕೊಳ್ಳುವುದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ.

ಹೆಂಡತಿ ಹತ್ತಿರ ಎಲ್ಲ ಮಾತಾಡಿ ಆಗಿದೆ. ಬ್ಯಾಂಕ್ ಪುಸ್ತಕ, ಮನೆ ಪತ್ರ, ಅವಳ ಹೆಸರಿಗೆ ಬರುವ ಪಿಂಚಣಿಗೆ ಎಲ್ಲಿ ಅರ್ಜಿ ಹಾಕಬೇಕು, ಎಲ್ಲ. ಕೊನೆಗೆ ವೆಂಟಿಲೇಟರ್ ಬೇಡ, ಮನೆಯಲ್ಲೇ ಇರಿಸಿ ಅಂದಿದ್ದೇನೆ. ಅವಳು ಮೊದಲು ಕಿವಿ ಮುಚ್ಚಿಕೊಂಡಳು. ಇನ್ನೊಂದು ದಿನ ಶೇಂಗಾ ಬಿಡಿಸುತ್ತಾ ತಾನೇ ಆ ಮಾತು ಎತ್ತಿದಳು. ಬುಟ್ಟಿ ಖಾಲಿಯಾಗುವಷ್ಟರಲ್ಲಿ ಮಾತು ಮುಗಿದಿತ್ತು.

ಅದಕ್ಕೇ ಅಣ್ಣಾ, ಯಾವಾಗ ಮುಗಿಯುತ್ತೆ ಅಂತ ಕೇಳಬೇಡಿ. ಅದು ಮುಗಿಯುವ ದಿನ ಯಾವುದು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಈ ವಾರ ಹೇಗಿದ್ದೀಯ ಅಂತ ಕೇಳಿ. ಈ ವಾರಕ್ಕೆ ನನ್ನ ಹತ್ತಿರ ಉತ್ತರ ಇದೆ. ಮೊದಲ ನಾಲ್ಕು ದಿನ ನನ್ನವಲ್ಲ. ಐದನೇ ದಿನ ಮಜ್ಜಿಗೆ ಅನ್ನ ಸೇರುತ್ತದೆ. ಎಂಟನೇ ದಿನ ಮುದ್ದೆ. ಒಂಬತ್ತರಿಂದ ಹದಿಮೂರು ನಾನು ಗಟ್ಟಿ ಇರುತ್ತೇನೆ, ಸಂತೆಹೊಂಡದ ತನಕ ನಡೆದು ಬರುತ್ತೇನೆ. ಆ ಐದು ದಿನದಲ್ಲಿ ಬನ್ನಿ. ಡಿಪೋದ ಸುದ್ದಿ ಹೇಳಿ. ಹೊಸ ಬಸ್ಸುಗಳು ಹೇಗೆ ಎಳೆಯುತ್ತವೆ ಅಂತ ಹೇಳಿ. ನಿಮ್ಮ ಮಗಳ ಮದುವೆ ಮಾತು ಎಲ್ಲಿಗೆ ಬಂತು ಅಂತ ಹೇಳಿ. ನನ್ನ ಮುಂದೆ ನಿಮ್ಮ ಕಷ್ಟ ಹೇಳಿಕೊಳ್ಳಲು ಸಂಕೋಚಪಡಬೇಡಿ, ನನಗೆ ಅದು ಬೇಕು.

ಐದು ಗಂಟೆಯಾಗುತ್ತಿದೆ. ಗಾಳಿ ಸ್ವಲ್ಪ ಇಳಿದಿದೆ. ಪಂಪಿನ ಬಲೂನು ಚಿಕ್ಕದಾಗಿದೆ, ಹತ್ತು ಗಂಟೆಗೆ ನರ್ಸಮ್ಮ ಬರುತ್ತಾರೆ. ದಿನಾ ಬೆಳಿಗ್ಗೆ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಬೆರಳಿಗೆ ಕೆಲಸ ಕೊಡಿ ಅಂತ ಫಿಸಿಯೋಥೆರಪಿಯವರು ಹೇಳಿದ್ದಕ್ಕೆ ಶುರು ಮಾಡಿದ್ದು. ಹಳೆಯ ಟಿಕೆಟ್ ಚೀಲದಲ್ಲಿ ಐದು ನಾಣ್ಯ ಹಾಕಿ, ಕಣ್ಣು ಮುಚ್ಚಿ ಒಂದೊಂದೇ ಎತ್ತಿ ಯಾವುದು ಅಂತ ಹೇಳುವುದು. ಇಪ್ಪತ್ತರದ್ದು ಸುಲಭ, ಅದಕ್ಕೆ ಹನ್ನೆರಡು ಮೂಲೆ. ಹಳೆಯ ದಪ್ಪ ಐದರದ್ದೂ ಸಿಗುತ್ತದೆ. ಒಂದು, ಎರಡು ಮಾತ್ರ ಕೈ ಕೊಡುತ್ತವೆ. ಈಗ ಎತ್ತಿ ನೋಡಿದೆ. ಇಪ್ಪತ್ತು ಸರಿ. ಐದು ಸರಿ. ಹತ್ತು ಸರಿ. ಎರಡು ಅಂದದ್ದು ಒಂದಾಗಿತ್ತು.